ವಾಚಕನ ಓಲೆಗೆ ಲೇಖಕನ ಉತ್ತರ

ಲೇಖನವೊಂದು ಅಚ್ಚಾಗಿ ಓದುಗರ ಕೈಸೇರಿದೊಡನೆ ಲೇಖಕನ ಹೊಣೆ ತೀರಿತೆಂದು ಭಾವಿಸುವುದು ಲೋಕರೂಢಿ. ವಾಸ್ತವವಾಗಿ ಆಗ ತೀರುವುದು ಅದರ ಪೂರ್ವಾರ್ಧ ಮಾತ್ರ. ಓದಿದವನು ಮೆಚ್ಚಿಯೋ, ಮುನಿದೋ, ಸಂಶಯಗೊಂಡೋ ಒಂದು ಮಾತನ್ನು ಮರಳಿ ಕಳುಹುತ್ತಾನೆ. ಆ ಮಾತಿಗೆ ಲೇಖಕನು ಕೊಡುವ ಉತ್ತರದಿಂದ ಬರಹದ ಉತ್ತರಾರ್ಧ ಪೂರ್ಣವಾಗುತ್ತದೆ. ಬಾವಿಗೆ ಕೊಡವನ್ನು ಇಳಿಬಿಟ್ಟವನು ಹಗ್ಗವನ್ನು ಕೈಬಿಟ್ಟರೆ ನೀರೂ ದೊರೆಯದು, ಕೊಡವೂ ಉಳಿಯದು. ಬರೆದು ಪ್ರಕಟಿಸಿ ಮೌನಿಯಾಗುವ ಲೇಖಕನ ಸ್ಥಿತಿಯೂ ಅಂಥದೇ.

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಈ ವಿಷಯಕ್ಕೆ ಏನು ಪ್ರಸಕ್ತಿ ಎಂದು ಕೆಲವರು ಕೇಳಬಹುದು. ಇಂಥ ಸಂಚಿಕೆಗಳಿಗೆ ಅಧ್ಯಾಪಕರು ಬರೆಯುತ್ತಾರೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುತ್ತಾರೆ. ಓದಿದವರಲ್ಲಿ ಕೆಲವರು ಒಂದು ಕಾಗದ ಬರೆಯುತ್ತಾರೆ, ಇಲ್ಲವೆ ಜಾತ್ರೆಯ ದಿನ ಮಠದ ಅಂಗಳದಲ್ಲಿ ಎದುರಾಗಿ ಎರಡು ಮಾತು ಹೇಳುತ್ತಾರೆ. ಆ ಕಾಗದಕ್ಕೂ ಆ ಮಾತಿಗೂ ಏನಾಯಿತೆಂದು ವಿಚಾರಿಸಿದರೆ ಬಹುಮಟ್ಟಿಗೆ ದೊರೆಯುವುದು ಮೌನವೇ. ಈ ಮೌನದಿಂದ ಆಗುವ ನಷ್ಟವೇನು, ಅದನ್ನು ನೀಗುವ ಕ್ರಮವೇನು ಎಂಬುದನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಪೂರ್ವಿಕರ ದೃಷ್ಟಿ

ಓದುಗನಿಗೆ ಗೌರವಸ್ಥಾನವನ್ನು ಕೊಟ್ಟದ್ದು ಇಂದಿನ ಪತ್ರಿಕಾಯುಗವೆಂದು ತಿಳಿಯಬೇಕಾಗಿಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯನ್ನು ಪ್ರತಿಪಾದಿಸುವಾಗ ಸಹೃದಯನನ್ನೇ ಪ್ರಮಾಣವಾಗಿ ಇಟ್ಟುಕೊಂಡನು. ಅವನ ಗ್ರಂಥಕ್ಕೆ ‘ಲೋಚನ’ವೆಂಬ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ಆರಂಭದಲ್ಲಿಯೇ ಕವಿ ಮತ್ತು ಸಹೃದಯ ಇಬ್ಬರನ್ನೂ ಜೊತೆಗೂಡಿಸಿ ಸರಸ್ವತಿಯ ತತ್ತ್ವವನ್ನು ಹೇಳಿದನು. ಕವಿಯೊಬ್ಬನಿಂದಲೇ ಕಾವ್ಯವಿಲ್ಲ ಎಂಬುದು ಇದರ ತಾತ್ಪರ್ಯ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವು ಕನ್ನಡನಾಡಿನ ಜನರು ಕ್ರಮವಾಗಿ ಓದದೆಯೂ ಕಾವ್ಯದ ಗುಣದೋಷಗಳನ್ನು ಬಲ್ಲವರೆಂದು ಪ್ರಶಂಸಿಸುತ್ತದೆ. ಓದುಬರಹ ಅರಿಯದವನ ಆಕ್ಷೇಪವೂ ಆಕ್ಷೇಪವೇ ಎಂದು ಆ ಕಾಲದಲ್ಲಿಯೇ ಒಪ್ಪಿದ ಭಾಷೆ ನಮ್ಮದು.

ಓಲೆಗರಿಯ ಲಿಪಿಕಾರರಲ್ಲಿಯೂ ಒಂದು ಪದ್ಧತಿಯಿತ್ತು. ಗ್ರಂಥವನ್ನು ಪ್ರತಿಮಾಡಿ ಮುಗಿಸಿದ ಮೇಲೆ, ತಪ್ಪಿದ್ದರೆ ತಿದ್ದಿ ಓದಬೇಕೆಂದು ಬಲ್ಲವರನ್ನು ಬೇಡಿಕೊಂಡು ಕೈಮುಗಿಯುವುದು ವಾಡಿಕೆ. ಓದುಗನಿಗೆ ಕೊಟ್ಟ ಆಮಂತ್ರಣಗಳಲ್ಲಿ ಇದು ಅತ್ಯಂತ ಹಳೆಯದೂ ಅತ್ಯಂತ ವಿನಯದ್ದೂ ಆಗಿದೆ. ಬೆನ್ನು ಬಾಗಿ, ಕಣ್ಣು ಮಸುಳಿ, ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದವನೇ ಹೀಗೆ ಬೇಡಿಕೊಂಡಿರುವಾಗ, ಸುಲಭವಾಗಿ ಅಚ್ಚುಮಾಡಿಸುವ ನಾವು ಆ ಮಾತನ್ನು ಬಿಟ್ಟುಬಿಡುವುದು ಉಚಿತವಲ್ಲ.

ಹರಿಹರ ರಾಘವಾಂಕರ ಕಥೆ ಎಲ್ಲರಿಗೂ ವಿದಿತವೇ ಸರಿ. ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿದಾಗ, ಶಿವಶರಣರನ್ನು ಬಿಟ್ಟು ನರನಾದ ಅರಸನನ್ನು ಹೊಗಳಿದನೆಂದು ಸೋದರಮಾವನೂ ಗುರುವೂ ಆದ ಹರಿಹರನು ಕೋಪಗೊಂಡು ಹೊಡೆದನೆಂದೂ, ಶಿಷ್ಯನ ಹಲ್ಲುಗಳು ಉದುರಿದವೆಂದೂ, ಅನಂತರ ಶರಣರ ಚರಿತೆಗಳನ್ನು ಬರೆದು ಅವನ್ನು ಮರಳಿ ಪಡೆದನೆಂದೂ ಐತಿಹ್ಯವಿದೆ. ಇದನ್ನು ಐತಿಹ್ಯವೆಂದೇ ಗ್ರಹಿಸಿದರೂ ಇದರಲ್ಲಿ ಲೇಖಕರು ಕಲಿಯಬೇಕಾದ ಒಂದು ಸೂಕ್ಷ್ಮವಿದೆ. ರಾಘವಾಂಕನು ಗುರುವಿನ ಆಕ್ಷೇಪಕ್ಕೆ ಕಿವಿಗೊಟ್ಟನು. ‘ಸಿದ್ಧರಾಮಚಾರಿತ್ರ’ ಮೊದಲಾದ ಕೃತಿಗಳಿಂದ ಉತ್ತರವಿತ್ತನು. ಹಾಗೆಂದು ‘ಹರಿಶ್ಚಂದ್ರಕಾವ್ಯ’ವು ಅಳಿದುಹೋಗಲಿಲ್ಲ. ಅವನ ಕೃತಿಗಳಲ್ಲಿ ನಾಡು ಹೆಚ್ಚಾಗಿ ಓದುವುದು ಇಂದಿಗೂ ಅದನ್ನೇ. ಆಕ್ಷೇಪವನ್ನು ಗೌರವಿಸುವುದು ಬೇರೆ, ತನ್ನ ಕೃತಿಯನ್ನು ತಾನೇ ನಿರಾಕರಿಸುವುದು ಬೇರೆ. ಈ ಭೇದವನ್ನು ಅರಿತವನೇ ಓದುಗನಿಗೆ ಉತ್ತರ ಹೇಳಲು ಅರ್ಹನು.

ಕಾಲದಲ್ಲಿ ನಮಗೆ ಹತ್ತಿರದವನಾದ ಮುದ್ದಣನು (೧೮೭೦–೧೯೦೧) ಓದುಗನನ್ನು ಗ್ರಂಥದ ಒಳಗೇ ಕರೆದು ಕೂರಿಸಿದನು. ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಕೇಳುವ ಮನೋರಮೆಯು ಸುಮ್ಮನೆ ಹೂಂಗುಡುವವಳಲ್ಲ. ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ; ಬಿರುಸಾದ ಸಂಸ್ಕೃತವನ್ನು ತಡೆಯುತ್ತಾಳೆ; ಬೇಸರವಾದಾಗ ಬೇಸರವೆನ್ನುತ್ತಾಳೆ. ಮುದ್ದಣನು ನಗುತ್ತ, ಕೆಣಕುತ್ತ, ಕೆಲವು ಸಲ ಸೋಲುತ್ತ ಉತ್ತರ ಹೇಳುತ್ತಾನೆ. ಕನ್ನಡದ ಹೊಸ ಗದ್ಯಕ್ಕೆ ದಾರಿ ತೆರೆದ ಆ ಕೃತಿಯ ಸೊಗಸು ಬಹುಪಾಲು ಈ ಸಂವಾದದಲ್ಲಿಯೇ ಇದೆ. ಆದರೆ ಕವಿಯು ತನ್ನ ನಿಜನಾಮವನ್ನು ಮರೆಮಾಡಿಕೊಂಡಿದ್ದನು; ಅಲ್ಪಾಯುಷಿಯೂ ಆದನು. ಓದುಗಳ ಆಕ್ಷೇಪವನ್ನು ಅಷ್ಟು ಪ್ರೀತಿಯಿಂದ ಬರೆದವನಿಗೆ ನಾಡಿನ ಓದುಗರ ಮೆಚ್ಚುಗೆ ಕಿವಿಯಾರೆ ಕೇಳುವ ಭಾಗ್ಯ ಒದಗಲಿಲ್ಲ.

೨. ಬಿದನೂರಿನ ಪ್ರಶ್ನೋತ್ತರ

ಇನ್ನು ಮಲೆನಾಡಿನ ಉದಾಹರಣೆಗಳಿಗೆ ಬರಬಹುದು. ಈಗಿನ ಹೊಸನಗರ ತಾಲ್ಲೂಕಿನ ನಗರವು ಹಿಂದೆ ಬಿದನೂರೆಂಬ ಹೆಸರಿನಿಂದ ಕೆಳದಿ ಅರಸರ ರಾಜಧಾನಿಯಾಗಿತ್ತು. ಅಲ್ಲಿ ೧೬೯೭ರಿಂದ ೧೭೧೪ರವರೆಗೆ ಆಳಿದ ಬಸವಪ್ಪನಾಯಕನು ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಒಂಬತ್ತು ಕಲ್ಲೋಲಗಳಾಗಿಯೂ ನೂರೆಂಟು ತರಂಗಗಳಾಗಿಯೂ ವಿಭಾಗಗೊಂಡಿರುವ ಈ ಮಹಾಗ್ರಂಥದಲ್ಲಿ ಸೃಷ್ಟಿಕ್ರಮ, ರಾಜನೀತಿ, ವೈದ್ಯ, ವಾಸ್ತು, ಸಂಗೀತ, ಪಾಕಶಾಸ್ತ್ರ ಮೊದಲಾದ ಅನೇಕ ವಿಷಯಗಳ ನಿರೂಪಣೆಯಿದೆ. ಆ ವಿಷಯಗಳ ವೈವಿಧ್ಯವನ್ನು ವಿದ್ವಾಂಸರು ಬಹುವಾಗಿ ವರ್ಣಿಸಿದ್ದಾರೆ. ಇಲ್ಲಿ ಗಮನಿಸಬೇಕಾದುದು ಗ್ರಂಥದ ಕಟ್ಟು. ಮಗನಾದ ಸೋಮಶೇಖರನು ಕೇಳುತ್ತಾನೆ, ತಂದೆಯಾದ ಅರಸನು ಹೇಳುತ್ತಾನೆ.

ಸಿಂಹಾಸನದ ಮೇಲಿದ್ದವನು ತನಗೆ ತಿಳಿದುದನ್ನು ಶಾಸನದಂತೆ ವಿಧಿಸಿಬಿಡಬಹುದಾಗಿತ್ತು. ಹಾಗೆ ಮಾಡದೆ, ಅರಿಯಬಯಸುವ ಎಳೆಯನೊಬ್ಬನ ಪ್ರಶ್ನೆಗೆ ಉತ್ತರವೆಂಬಂತೆ ತನ್ನ ವಿದ್ಯೆಯೆಲ್ಲವನ್ನೂ ಅಳವಡಿಸಿದನು. ಪುರಾಣಗಳಿಂದಲೂ ಆಗಮಗಳಿಂದಲೂ ಬಂದ ಸಂಪ್ರದಾಯ ಇದೆಂಬುದು ನಿಜ. ಆದರೆ ಸಂಪ್ರದಾಯವು ನಿಂತಿರುವುದು ಒಂದು ಅನುಭವದ ಮೇಲೆ. ಕೇಳುವವನಿದ್ದಾಗ ಹೇಳುವವನ ಮಾತು ಕ್ರಮಗೊಳ್ಳುತ್ತದೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಮೂಡುತ್ತದೆ. ತರಗತಿಯಲ್ಲಿ ಒಬ್ಬ ಹುಡುಗನು ಎದ್ದುನಿಂತು ‘ಹಾಗೆಂದರೇನು?’ ಎಂದು ಕೇಳಿದ ದಿನ ಪಾಠ ಚೆನ್ನಾಗಿ ನಡೆಯುತ್ತದೆಂಬುದನ್ನು ಅಧ್ಯಾಪಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

೩. ಕುಪ್ಪಳಿಯ ಕವಿಗೆ ದೊರೆತ ವಾಚಕ

ಪ್ರಶ್ನೆಯು ಲೇಖಕನಿಗೆ ಹಿತವಾಗಿಯೇ ಬರುತ್ತದೆಂಬ ನಿಯಮವಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದು ಮೈಸೂರಿಗೆ ಓದಲು ಹೋದ ಕುವೆಂಪು ಅವರು ಮೊದಲು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಕಿರುಸಂಕಲನವು ೧೯೨೨ರಲ್ಲಿಯೇ ಅಚ್ಚಾಗಿತ್ತು. ೧೯೨೪ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಎಚ್. ಕಸಿನ್ಸ್ ಅವರು ಮೈಸೂರಿಗೆ ಬಂದಾಗ, ಹತ್ತೊಂಬತ್ತು ವರ್ಷದ ಆ ತರುಣರು ತಮ್ಮ ಕವನಗಳನ್ನು ಅವರ ಮುಂದಿಟ್ಟರು. ನಿರೀಕ್ಷಿಸಿದ್ದುದು ಪ್ರಶಂಸೆ. ದೊರೆತದ್ದು, ನಿಮ್ಮ ತಾಯ್ನುಡಿಯಲ್ಲಿ ಏನಾದರೂ ಬರೆದಿದ್ದೀರಾ ಎಂಬ ಪ್ರಶ್ನೆ. ಅದರಲ್ಲಿಯೇ ಬರೆಯಬೇಕೆಂಬ ಸಲಹೆ.

ತರುಣ ಕವಿಗೆ ಆ ಕ್ಷಣದಲ್ಲಿ ಅದು ರುಚಿಸಲಿಲ್ಲ. ಈ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ ಮರೆಮಾಚದೆ ಹೇಳಿದ್ದಾರೆ. ಕೆಲವೇ ಕಾಲದಲ್ಲಿ ಅವರ ಲೇಖನಿ ಕನ್ನಡಕ್ಕೆ ತಿರುಗಿತು. ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾದದ್ದು ೧೯೪೯ರಲ್ಲಿ. ೧೯೬೭ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಆ ಕಾವ್ಯದ ಮೂಲಕ ಕನ್ನಡಕ್ಕೆ ಮೊದಲ ಬಾರಿಗೆ ಬಂದಿತು. ಒಬ್ಬ ವಾಚಕನ ಒಂದು ಪ್ರಶ್ನೆಗೆ ಕವಿ ಕೊಟ್ಟ ಉತ್ತರ ಎಷ್ಟು ದೀರ್ಘವಾಗಿತ್ತೆಂಬುದನ್ನು ಇದರಿಂದ ಊಹಿಸಬಹುದು. ಕಸಿನ್ಸ್ ಅವರಿಗೆ ಕನ್ನಡ ಬಾರದು. ಆದರೂ ಅವರ ಆಕ್ಷೇಪದಲ್ಲಿ ಸತ್ಯವಿತ್ತು. ಹೇಳಿದವನ ಯೋಗ್ಯತೆಯನ್ನು ಮೊದಲು ತೂಗಿ ಆಮೇಲೆ ಮಾತನ್ನು ಕೇಳುವವರು ಈ ಸಂಗತಿಯನ್ನು ಮನನ ಮಾಡಬೇಕು.

ಆ ಮಹಾಕಾವ್ಯವನ್ನು ಕುವೆಂಪು ಅವರು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ವೆಂಕಣ್ಣಯ್ಯನವರು ೧೯೩೯ರಲ್ಲಿಯೇ ದಿವಂಗತರಾಗಿದ್ದರು. ತನ್ನ ಬರಹವನ್ನು ಮಮತೆಯಿಂದ ಓದಿ ಕೇಳಿದವರಿಗೆ ಹತ್ತು ವರ್ಷಗಳ ಅನಂತರವೂ, ಅವರು ಇಲ್ಲದಿರುವಾಗಲೂ, ಸಲ್ಲಬೇಕಾದ ಉತ್ತರವನ್ನು ಸಲ್ಲಿಸಿದ ಕೃತಜ್ಞತೆ ಅದು.

೪. ಹೆಗ್ಗೋಡಿನ ಮರುದಿನದ ಬೆಳಗು

ಮೇಲಿನ ಉದಾಹರಣೆಗಳಲ್ಲಿ ವಾಚಕನು ಒಬ್ಬನೇ. ಹತ್ತು ಜನ ಒಟ್ಟಿಗೆ ಕುಳಿತು ಮಾತನಾಡುವಲ್ಲಿ ಲೇಖಕನ ನಡತೆ ಹೇಗಿರಬೇಕು? ಇದಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡನ್ನು ನೋಡಬೇಕು. ೧೯೪೯ರಲ್ಲಿ ಆರಂಭವಾದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ‘ನೀನಾಸಮ್’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು (೧೯೩೨–೨೦೦೫) ಅಕ್ಷರ ಪ್ರಕಾಶನವನ್ನೂ ನಡೆಸಿ, ಅಡಕೆ ತೋಟದ ನಡುವಿನ ಹಳ್ಳಿಯಿಂದ ನಾಡಿಗೆ ಪುಸ್ತಕಗಳನ್ನು ಕೊಟ್ಟರು. ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. ಅಲ್ಲಿಯ ಸಂಸ್ಕೃತಿ ಶಿಬಿರಗಳಲ್ಲಿ ಒಂದು ಕ್ರಮ ನೆಲೆಗೊಂಡಿದೆ. ರಾತ್ರಿ ನಾಟಕವನ್ನು ನೋಡುವುದು, ಮರುದಿನ ಬೆಳಿಗ್ಗೆ ಕುಳಿತು ಅದನ್ನು ಕುರಿತು ಚರ್ಚಿಸುವುದು. ಅಧ್ಯಾಪಕರು, ಕೃಷಿಕರು, ವಿದ್ಯಾರ್ಥಿಗಳು, ಹೆಸರಾಂತ ಸಾಹಿತಿಗಳು ಒಂದೇ ಸಭೆಯಲ್ಲಿರುತ್ತಾರೆ. ಸಂಘವು ಹೊರತರುವ ಪತ್ರಿಕೆಯ ಹೆಸರೂ ‘ಮಾತುಕತೆ’ ಎಂದೇ.

ಇಲ್ಲಿ ‘ಮರುದಿನ’ ಎಂಬ ಪದದಲ್ಲಿ ಅರ್ಥವಿದೆ. ನಾಟಕ ಮುಗಿದ ಕ್ಷಣದಲ್ಲಿ ಮೆಚ್ಚುಗೆಯೂ ಮುನಿಸೂ ಬಿಸಿಯಾಗಿರುತ್ತವೆ. ಒಂದು ರಾತ್ರಿ ಕಳೆದರೆ ನೋಡಿದವನ ಮಾತು ಹದಗೊಳ್ಳುತ್ತದೆ. ಮಾಡಿದವನ ಕಿವಿಯೂ ತೆರೆಯುತ್ತದೆ. ಲೇಖಕನು ತನಗೆ ಬಂದ ಕಾಗದಕ್ಕೆ ಉತ್ತರ ಬರೆಯುವಾಗಲೂ ಈ ಒಂದು ರಾತ್ರಿಯ ಅಂತರ ಒಳ್ಳೆಯದು.

ಮಲೆನಾಡಿನವರಿಗೆ ಇದಕ್ಕಿಂತಲೂ ಹಳೆಯದಾದ ಇನ್ನೊಂದು ಶಿಕ್ಷಣವಿದೆ. ಮಳೆಗಾಲದ ರಾತ್ರಿಗಳಲ್ಲಿ ಮನೆಯ ಜಗಲಿಯಲ್ಲಿ ನಡೆಯುವ ತಾಳಮದ್ದಲೆಯಲ್ಲಿ ಅರ್ಥಧಾರಿಗೆ ಎದುರಾಳಿಯ ಮಾತು ಮೊದಲೇ ತಿಳಿದಿರುವುದಿಲ್ಲ. ಅದನ್ನು ಪೂರ್ತಿಯಾಗಿ ಕೇಳಿದಲ್ಲದೆ ಉತ್ತರ ಕೊಡಲು ಬಾರದು. ಎದುರಿನವನ ಮಾತು ಗಟ್ಟಿಯಾಗಿದ್ದರೆ ಅದನ್ನು ಒಪ್ಪಿಕೊಂಡೇ ಮುಂದುವರಿಯುವವನನ್ನು ಸಭೆ ಮೆಚ್ಚುತ್ತದೆ. ಕೇಳದೆ ತನ್ನದನ್ನೇ ಹೇಳುವವನನ್ನು ಸಭೆ ಕೂಡಲೇ ಗುರುತಿಸುತ್ತದೆ. ಲೇಖಕನೂ ಒಬ್ಬ ಅರ್ಥಧಾರಿ. ಅವನ ಎದುರಾಳಿ ಮಾತ್ರ ದೂರದ ಊರಿನಲ್ಲಿರುತ್ತಾನೆ.

೫. ಉತ್ತರಿಸುವ ಕ್ರಮ

ಈವರೆಗೆ ಹೇಳಿದುದರಿಂದ ಉತ್ತರಿಸಬೇಕೆಂಬುದು ಸಿದ್ಧವಾಯಿತು. ಹೇಗೆ ಉತ್ತರಿಸಬೇಕೆಂಬುದನ್ನು, ಬರುವ ಓಲೆಯ ಸ್ವರೂಪವನ್ನು ನೋಡಿ ನಿರ್ಣಯಿಸಬೇಕು. ಓಲೆಗಳನ್ನು ಸ್ಥೂಲವಾಗಿ ಆರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಮೆಚ್ಚುಗೆಯ ಓಲೆ. ಇದಕ್ಕೆ ಉತ್ತರ ಚಿಕ್ಕದಾಗಿರಬೇಕು. ಹೊಗಳಿಕೆಗೆ ಪ್ರತಿಯಾಗಿ ಹೊಗಳುವುದರಿಂದ ಇಬ್ಬರೂ ಹಗುರಾಗುತ್ತಾರೆ. ವಂದನೆ ತಿಳಿಸಿ, ಯಾವ ಭಾಗ ಹಿಡಿಸಿತು, ಎಲ್ಲಿ ಓದು ತಡೆಯಿತು ಎಂದು ಕೇಳುವುದು ಉತ್ತಮ. ಮೆಚ್ಚಿದವನಿಂದಲೇ ಒಂದು ದೋಷವನ್ನು ತಿಳಿದುಕೊಳ್ಳುವ ಉಪಾಯ ಇದು.

ಎರಡನೆಯದು ತಿದ್ದುಪಡಿಯ ಓಲೆ. ಇಸವಿ, ಹೆಸರು, ಸ್ಥಳ ತಪ್ಪಾಗಿದೆಯೆಂದು ಓದುಗನು ತಿಳಿಸಿದರೆ ಮೊದಲು ಪರಿಶೀಲಿಸಬೇಕು. ಅವನು ಹೇಳಿದ್ದು ಸರಿಯಾಗಿದ್ದರೆ ಸಂಕೋಚವಿಲ್ಲದೆ ಒಪ್ಪಿ, ಮುಂದಿನ ಸಂಚಿಕೆಯಲ್ಲಿ ತಪ್ಪು–ಒಪ್ಪುಗಳ ಪಟ್ಟಿಯನ್ನು ಕೊಟ್ಟು, ತಿದ್ದಿದವನು ಒಪ್ಪಿದರೆ ಅವನ ಹೆಸರನ್ನೂ ಕಾಣಿಸಬೇಕು. ತನ್ನ ತಪ್ಪನ್ನು ಅಚ್ಚಿನ ಮೊಳೆಯ ಮೇಲೆ ಹೊರಿಸುವುದು ಬಹುಕಾಲದ ಚಾಳಿ. ಮೊಳೆ ಜೋಡಿಸುವವರ ಕಾಲ ಹೋದರೂ ಆ ಚಾಳಿ ಹೋಗಿಲ್ಲ. ಓದುಗನು ಹೇಳಿದ್ದೇ ತಪ್ಪಾಗಿದ್ದರೆ ಆಧಾರವನ್ನು ತೋರಿಸಿ, ಅವನು ಎಚ್ಚರದಿಂದ ಓದಿದ್ದಕ್ಕೆ ವಂದಿಸಬೇಕು.

ಮೂರನೆಯದು ಭಿನ್ನಾಭಿಪ್ರಾಯದ ಓಲೆ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಅನುವಾದ ಮಾಡಿ ಅನಂತರ ಸಿದ್ಧಾಂತವನ್ನು ಹೇಳುವ ಕ್ರಮವಿದೆ. ‘ತಮ್ಮ ಅಭಿಪ್ರಾಯ ಇಂತಿದೆಯೆಂದು ತಿಳಿದಿದ್ದೇನೆ’ ಎಂದು ಎದುರಿನವನ ವಾದವನ್ನು ಅವನೇ ಒಪ್ಪುವಷ್ಟು ನ್ಯಾಯವಾಗಿ ಮೊದಲು ಬರೆಯಬೇಕು. ಹಾಗೆ ಬರೆಯಲು ತೊಡಗಿದಾಗ ಎಷ್ಟೋ ಭೇದಗಳು ತಾವಾಗಿಯೇ ಕರಗುತ್ತವೆ. ಉಳಿದ ಭೇದವನ್ನು ಉಳಿಸಿಕೊಂಡೇ ಸ್ನೇಹದಿಂದ ಮುಗಿಸಬಹುದು. ಎಲ್ಲ ಓದುಗರನ್ನೂ ಒಪ್ಪಿಸುವುದು ಲೇಖಕನ ಕರ್ತವ್ಯವಲ್ಲ. ಎಲ್ಲರ ಒಪ್ಪಿಗೆಗಾಗಿ ತನ್ನ ಮಾತನ್ನು ಬಾಗಿಸುವುದಂತೂ ಅಲ್ಲವೇ ಅಲ್ಲ. ರಾಘವಾಂಕನ ಕಥೆಯ ಇಂಗಿತವೂ ಇದೇ.

ನಾಲ್ಕನೆಯದು ಪ್ರಶ್ನೆಯ ಓಲೆ, ಅದರಲ್ಲಿಯೂ ಮಕ್ಕಳದು. ಎಲ್ಲ ಓಲೆಗಳಿಗಿಂತ ಮೊದಲು ಉತ್ತರ ಕೊಡಬೇಕಾದುದು ಇದಕ್ಕೆ. ದೊಡ್ಡವರು ಮರೆತುಬಿಡಬಹುದು, ಮಗುವು ಪ್ರತಿದಿನವೂ ಅಂಚೆಯವನ ದಾರಿಯನ್ನು ನೋಡುತ್ತದೆ. ‘ಚಿರಂಜೀವಿ’ ಎಂದು ಆರಂಭಿಸಿ, ಪ್ರಶ್ನೆಯನ್ನು ಮೆಚ್ಚಿ, ತಿಳಿದಷ್ಟನ್ನು ಸರಳವಾಗಿ ಹೇಳಿ, ತಿಳಿಯದಿದ್ದರೆ ತಿಳಿಯದೆಂದೇ ಬರೆಯಬೇಕು. ಲೇಖಕನಿಗೂ ತಿಳಿಯದ ವಿಷಯವಿದೆಯೆಂಬ ಅರಿವು ಮಗುವಿನ ವಿದ್ಯಾಭ್ಯಾಸದ ಒಂದು ಮುಖ್ಯ ಅಂಗ.

ಐದನೆಯದು ನೊಂದವರ ಓಲೆ. ಬರಹದಲ್ಲಿ ಬಂದ ಒಂದು ಮಾತು ಒಂದು ಮನೆತನಕ್ಕೋ, ಒಂದು ವೃತ್ತಿಯವರಿಗೋ, ತೀರಿಕೊಂಡವರ ಸ್ಮರಣೆಗೋ ನೋವುಂಟುಮಾಡಿರಬಹುದು. ಇಲ್ಲಿ ತರ್ಕಕ್ಕೆ ಎಡೆಯಿಲ್ಲ. ಉದ್ದೇಶ ಹಾಗಿರಲಿಲ್ಲವೆಂದು ಸಾಧಿಸುವುದಕ್ಕಿಂತ ಮುಂಚೆ, ನೋವಾದುದನ್ನು ಒಪ್ಪಿಕೊಳ್ಳಬೇಕು. ಹತ್ತಿರದ ಊರಾದರೆ ಕಾಗದಕ್ಕಿಂತ ಮನೆಗೆ ಹೋಗಿ ಮಾತನಾಡುವುದೇ ಮೇಲು.

ಆರನೆಯದು ಹೆಸರಿಲ್ಲದ ನಿಂದೆಯ ಓಲೆ. ಇದಕ್ಕೆ ವಿಳಾಸವೂ ಇಲ್ಲ, ಉತ್ತರವೂ ಇಲ್ಲ. ಆದರೆ ಹರಿದು ಎಸೆಯುವ ಮುನ್ನ ಒಮ್ಮೆ ಶಾಂತಚಿತ್ತದಿಂದ ಓದಬೇಕು. ಜೊಳ್ಳಿನಲ್ಲಿಯೂ ಒಂದು ಕಾಳು ಸಿಕ್ಕಿಬಿದ್ದಿರುವುದುಂಟು.

ಎಲ್ಲ ಬಗೆಗೂ ಸಾಮಾನ್ಯವಾದ ಕೆಲವು ನಿಯಮಗಳಿವೆ. ಓಲೆ ಬಂದ ಎಂಟು ದಿನಗಳೊಳಗೆ ಉತ್ತರ ಹೋಗಬೇಕು. ಪರಿಶೀಲನೆಗೆ ಕಾಲ ಬೇಕಾದರೆ ಕೈಸೇರಿತೆಂಬ ಒಂದು ಸಾಲಾದರೂ ಹೋಗಬೇಕು. ಖಾಸಗಿ ಓಲೆಯನ್ನು ಬರೆದವರ ಅನುಮತಿಯಿಲ್ಲದೆ ಪ್ರಕಟಿಸಬಾರದು. ಬಂದ ಓಲೆಯನ್ನೂ ಕೊಟ್ಟ ಉತ್ತರದ ಪ್ರತಿಯನ್ನೂ ಜೊತೆಯಾಗಿ ಕಾಪಾಡಬೇಕು. ಇಂದು ಕಾಗದಕ್ಕೆ ಬದಲಾಗಿ ಮೊಬೈಲ್ ಫೋನಿನಲ್ಲಿ ಎರಡು ಸಾಲು ಬರುವುದೇ ಹೆಚ್ಚು. ಸಾಧನ ಬದಲಾದರೂ ಧರ್ಮ ಬದಲಾಗುವುದಿಲ್ಲ. ಶೀಘ್ರವಾಗಿ ಉತ್ತರಿಸಲು ಸಾಧ್ಯವಾಗಿರುವುದರಿಂದಲೇ ಆ ಒಂದು ರಾತ್ರಿಯ ಅಂತರದ ಅಗತ್ಯ ಹೆಚ್ಚಾಗಿದೆ.

ತಿದ್ದುಪಡಿಯ ಓಲೆಗೆ ಉತ್ತರದ ಮಾದರಿಯೊಂದನ್ನು ಇಲ್ಲಿ ಕೊಡಬಹುದು:

“ಮಾನ್ಯರೆ, ಶರಣು. ತಮ್ಮ ಓಲೆ ತಲುಪಿತು. ಶಾಲೆಯ ಮೊದಲ ತರಗತಿಗಳು ದೇವಾಲಯದ ಪೌಳಿಯಲ್ಲಿ ನಡೆದುವೆಂದು ಲೇಖನದಲ್ಲಿ ಬರೆದಿತ್ತು. ಅವು ನಡೆದದ್ದು ಪಕ್ಕದ ಮನೆಯ ಜಗಲಿಯಲ್ಲಿ, ಅಲ್ಲಿ ತಾವೇ ಕುಳಿತು ಓದಿದ್ದಿರಿ ಎಂದು ತಿಳಿಸಿದ್ದೀರಿ. ಹಳೆಯ ಹಾಜರಿ ಪುಸ್ತಕವನ್ನು ನೋಡಲಾಗಿ ತಮ್ಮ ಮಾತೇ ಸರಿಯೆಂದು ಕಂಡಿತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಆ ಜಗಲಿಯಲ್ಲಿ ತಮ್ಮೊಡನೆ ಓದಿದವರ ಹೆಸರುಗಳು ನೆನಪಿದ್ದರೆ ದಯಮಾಡಿ ಬರೆದು ಕಳುಹಬೇಕು.”

ಇದರ ಕೊನೆಯ ವಾಕ್ಯವನ್ನು ವಿಶೇಷವಾಗಿ ಗಮನಿಸಬೇಕು. ತಪ್ಪನ್ನು ಒಪ್ಪುವಲ್ಲಿಗೆ ಉತ್ತರ ಮುಗಿಯಲಿಲ್ಲ. ಅದು ಮತ್ತೊಂದು ಓಲೆಯನ್ನು ಬೇಡಿತು.

೬. ಮುಳುಗಡೆಯ ನಾಡಿನಲ್ಲಿ ಓಲೆಯ ಬೆಲೆ

ಇಂಥ ಓಲೆಗೆ ಈ ಸೀಮೆಯಲ್ಲಿ ಬೇರೆಲ್ಲಿಯೂ ಇಲ್ಲದ ಬೆಲೆಯಿದೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಪೂರ್ಣವಾಯಿತು. ನಾಡಿಗೆ ಬೆಳಕು ಬಂದಿತು. ಸಾಗರ ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನಡಿಗೆ ಹೋದುವು. ಮನೆ, ಗದ್ದೆ, ತೋಟ, ಗುಡಿ, ಶಾಲೆ ಎಲ್ಲವೂ ಮುಳುಗಿ, ಕುಟುಂಬಗಳು ಬೇರೆ ಬೇರೆ ಕಡೆಗಳಿಗೆ ಚದುರಿದುವು. ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನಲ್ಲಿ ಮುಳುಗಿತು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಅದು ಮೇಲೆ ಕಾಣಿಸಿಕೊಳ್ಳುವುದುಂಟು. ಊರುಗಳು ಹಾಗೆ ಕಾಣಿಸಿಕೊಳ್ಳುವುದಿಲ್ಲ. ಅವು ಉಳಿದಿರುವುದು ಅಲ್ಲಿ ಹುಟ್ಟಿದವರ ನೆನಪಿನಲ್ಲಿ ಮಾತ್ರ.

ಈ ನೋವನ್ನು ಕನ್ನಡಕ್ಕೆ ತಂದವರಲ್ಲಿ ಸಾಗರದ ನಾ. ಡಿಸೋಜ ಅವರು (೧೯೩೭–೨೦೨೫) ಪ್ರಮುಖರು. ಏರುವ ನೀರಿನ ನಡುವೆ ಉಳಿದ ಕುಟುಂಬವೊಂದರ ಕಥೆಯಾದ ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿ ಅವರು ೨೦೦೨ರಲ್ಲಿ ಚಲನಚಿತ್ರವಾಗಿಸಿದರು. ಒಬ್ಬ ಓದುಗನು ಕಾಗದದ ಬದಲು ತನ್ನದೇ ಕೃತಿಯಿಂದ ಲೇಖಕನಿಗೆ ಕೊಟ್ಟ ಮರುಮಾತೆಂದು ಇದನ್ನು ಕರೆಯಬಹುದು. ಮಕ್ಕಳಿಗೂ ಈ ವಿಷಯವನ್ನು ಹೇಳಬೇಕೆಂದು ಡಿಸೋಜ ಅವರು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕೃತಿಗೆ ೨೦೧೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು.

ಅಣೆಕಟ್ಟು ಮುಗಿದ ವರ್ಷ ಮೂರನೆಯ ತರಗತಿಯಲ್ಲಿ ಓದುತ್ತಿದ್ದ ಬಾಲಕನಿಗೆ ಇಂದು ಎಪ್ಪತ್ತು ವರ್ಷ ಸಂದಿದೆ. ಅವನು ಸ್ಮರಣ ಸಂಚಿಕೆಯನ್ನು ಓದಿ, ‘ನೀವು ಬರೆದ ಊರಿನ ಹೆಸರು ಅದಲ್ಲ, ಆ ಕೆರೆ ಇದ್ದದ್ದು ಗುಡಿಯ ಹಿಂದೆ, ನಮಗೆ ಅಕ್ಷರ ಕಲಿಸಿದವರು ಇಂಥವರು’ ಎಂದು ನಡುಗುವ ಕೈಯಿಂದ ನಾಲ್ಕು ಸಾಲು ಬರೆದನೆಂದು ಭಾವಿಸೋಣ. ಅದನ್ನು ಬರಿಯ ತಿದ್ದುಪಡಿಯೆಂದು ಬಗೆಯುವುದು ತಪ್ಪು. ನೀರಿನಡಿಯಿಂದ ಮೇಲೆ ಬಂದ ಒಂದು ಊರಿನ ಸಾಕ್ಷ್ಯವದು. ಉತ್ತರ ಹೋದರೆ ಅವನು ಇನ್ನೂ ನಾಲ್ಕು ಸಂಗತಿಗಳನ್ನು ಬರೆಯುತ್ತಾನೆ. ಅಂಥ ಮತ್ತೊಬ್ಬನ ವಿಳಾಸವನ್ನೂ ಕೊಡುತ್ತಾನೆ. ಉತ್ತರ ಹೋಗದಿದ್ದರೆ ಬೇಕಿಲ್ಲವೆಂದು ತಿಳಿದು ಸುಮ್ಮನಾಗುತ್ತಾನೆ. ಎರಡನೆಯ ಬಾರಿ ಕೇಳಲು ಹೋಗುವ ವೇಳೆಗೆ ಹೇಳುವವರು ಇರುವುದಿಲ್ಲ. ಮೊದಲು ಹೇಳಿದ ಮೌನದ ನಷ್ಟವೆಂಬುದು ಇದೇ. ಊರು ಒಮ್ಮೆ ನೀರಿನಲ್ಲಿ ಮುಳುಗಿತು. ಉತ್ತರಿಸದ ಲೇಖಕನಿಂದ ಇನ್ನೊಮ್ಮೆ ಮುಳುಗುತ್ತದೆ.

೭. ಶಾಲೆಯ ಕರ್ತವ್ಯ

ಈ ಕಾರಣದಿಂದ ಶಾಲೆಗಳು ಮಾಡಬಹುದಾದ ಮೂರು ಕಾರ್ಯಗಳಿವೆ; ಯಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ. ಸ್ಮರಣ ಸಂಚಿಕೆಯ ಕೊನೆಯಲ್ಲಿ, ಓದುಗರು ಅಭಿಪ್ರಾಯ, ತಿದ್ದುಪಡಿ ಮತ್ತು ನೆನಪುಗಳನ್ನು ಕಳುಹಬೇಕೆಂಬ ಪ್ರಾರ್ಥನೆಯನ್ನೂ ವಿಳಾಸವನ್ನೂ ಮುದ್ರಿಸಿ, ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಅವಕ್ಕಾಗಿಯೇ ಮೀಸಲಿಡುವುದು ಒಂದು. ಬಂದ ಓಲೆಗಳಿಗೆಲ್ಲ ಉತ್ತರ ಹೋಯಿತೇ ಎಂದು ನೋಡುವ ಹೊಣೆಯನ್ನು ಒಬ್ಬ ಅಧ್ಯಾಪಕರಿಗೆ ವಹಿಸಿ, ಓಲೆಗಳನ್ನು ಗ್ರಂಥಭಂಡಾರದಲ್ಲಿ ವರ್ಷಾನುಕ್ರಮವಾಗಿ ಕಟ್ಟಿಡುವುದು ಎರಡನೆಯದು. ವಿದ್ಯಾರ್ಥಿಗಳು ತಾವು ಓದಿದ ಪಾಠದ ಲೇಖಕರಿಗೋ, ಊರಿನ ಹಿರಿಯರಿಗೋ ಒಂದು ಕಾಗದ ಬರೆಯುವಂತೆ ಪ್ರೇರೇಪಿಸುವುದು ಮೂರನೆಯದು.

ಇವೆಲ್ಲಕ್ಕೂ ಮೂಲ ತರಗತಿಯಲ್ಲಿದೆ. ವಿದ್ಯಾರ್ಥಿಯು ಪ್ರಬಂಧ ಬರೆದು ಒಪ್ಪಿಸಿದಾಗ ಅವನೇ ಲೇಖಕ, ಅಧ್ಯಾಪಕರೇ ಮೊದಲ ವಾಚಕರು. ಕೆಂಪು ಶಾಯಿಯಲ್ಲಿ ಗುರುತು ಹಾಕಿ ಅಂಕ ಕೊಟ್ಟು ಹಿಂದಿರುಗಿಸಿದರೆ ಪರೀಕ್ಷೆ ಮುಗಿಯಿತು. ಅಂಚಿನಲ್ಲಿ ‘ಈ ಮಾತು ಚೆನ್ನಾಗಿದೆ, ಇದನ್ನು ನಿನಗೆ ಯಾರು ಹೇಳಿದರು?’ ಎಂದು ಒಂದು ಸಾಲು ಬರೆದರೆ ಮಾತುಕತೆ ಆರಂಭವಾಯಿತು. ತನ್ನ ಬರಹಕ್ಕೆ ಉತ್ತರ ದೊರೆಯುತ್ತದೆಂದು ಬಾಲ್ಯದಲ್ಲಿ ಕಂಡುಕೊಂಡವನು ದೊಡ್ಡವನಾದ ಮೇಲೆ ಇತರರ ಓಲೆಗೆ ಉತ್ತರ ಕೊಡುವುದನ್ನು ಮರೆಯಲಾರನು.

ಓಲೆಗರಿಯ ಲಿಪಿಕಾರನು ತಪ್ಪಿದ್ದರೆ ತಿದ್ದಿರೆಂದು ಬೇಡಿಕೊಂಡು ಗ್ರಂಥವನ್ನು ಕಟ್ಟಿದನು. ಅವನನ್ನು ತಿದ್ದಿದವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ಅವರು ತಿದ್ದಿದ ಗ್ರಂಥಗಳು ಉಳಿದಿವೆ. ಬರೆದವರೂ ಓದಿದವರೂ ಹೀಗೆ ಕೂಡಿ ಕಾಪಾಡಿಕೊಂಡು ಬಂದ ವಿದ್ಯೆಯೇ ಮಠಗಳ ಮೂಲಕ, ಶಾಲೆಗಳ ಮೂಲಕ ಇಂದಿನವರ ಕೈಗೆ ಬಂದಿದೆ. ಮೇಜಿನ ಮೇಲೆ ಉತ್ತರವಿಲ್ಲದೆ ಬಿದ್ದಿರುವ ಓಲೆಯೊಂದಿದ್ದರೆ ಇಂದೇ ಅದನ್ನು ತೆರೆದು ಓದುವುದು, ನಾಳೆ ಬೆಳಿಗ್ಗೆ ಉತ್ತರ ಬರೆಯುವುದು ಆ ಪರಂಪರೆಗೆ ಸಲ್ಲಿಸುವ ಸೇವೆ.